ಕರ್ಜಿಕಾಯಿ ಕೈಯ ಟಾರ್ಟು

ಮುಷ್ಟಿ ಕಟ್ಟಿದರೆ ನಿಲ್ಲಬೇಕು, ಹೆಬ್ಬೆರಳಲ್ಲಿ ಒತ್ತಿದರೆ ಉದುರಬೇಕು. ಸ್ಟೀಲ್ ಬೇಸಿನ್ನಿನಲ್ಲಿ ಕಾಲು ಕಿಲೋ ಮೈದಾ, ಅದರ ಅರ್ಧ ತೂಕದ ಬೆಣ್ಣೆ, ನಾಲ್ಕು ಚಮಚ ಪುಡಿಸಕ್ಕರೆ, ಒಂದು ಚಿಟಿಕೆ ಉಪ್ಪು. ಆಂಟಿ ಬೆರಳ ತುದಿಗಳಲ್ಲೇ ಬೆಣ್ಣೆಯ ತುಣುಕುಗಳನ್ನು ಹಿಟ್ಟಿಗೆ ಉಜ್ಜುತ್ತಿದ್ದಾರೆ. ಅಂಗೈ ತಾಗಿಸುವ ಹಾಗಿಲ್ಲ, ಅದರ ಕಾವಿಗೆ ಬೆಣ್ಣೆ ಕರಗಿಬಿಡುತ್ತದೆ. ಹಿಟ್ಟನ್ನು ಎತ್ತುವುದು, ಉಜ್ಜುತ್ತ ಬೆರಳ ಸಂದಿಯಿಂದ ಬಿಡುವುದು, ಮತ್ತೆ ಎತ್ತುವುದು. ನೋಡುತ್ತಿದ್ದ ಹಾಗೆ ಮೈದಾದ ಅಚ್ಚಬಿಳಿ ಮಾಸಿ, ಬೇಸಿನ್ನಿನ ತುಂಬ ತೆಳು ಹಳದಿಯ ತರಿ ನಿಂತಿತು.

ಪಕ್ಕದ ಮನೆಯ ಅಕ್ಕ ಬಂಗಾರಪೇಟೆ ಕಡೆಯವರು. ಸೆರಗು ಸಿಕ್ಕಿಸಿಕೊಂಡು ಬಂದವರೇ ಒಂದು ಹಿಡಿ ತೆಗೆದು ಮುಷ್ಟಿ ಕಟ್ಟಿ ನೋಡಿದರು. ನಿಂತಿತು. ಒತ್ತಿದರು. ಉದುರಿತು.

"ಇದು ನಮ್ಮ ಕರ್ಜಿಕಾಯಿ ಹದಾನೇ ಅಲ್ವಾ ಆಂಟಿ?"

"ಪ್ರತಿ ವರ್ಷ ಹಾಗೇ ಹೇಳ್ತೀಯ. ಆಮೇಲೆ ನೀರು ಹಾಕಿದ ತಕ್ಷಣ ಒಬ್ಬಟ್ಟಿನ ಕಣಕ ನಾದಿದ ಹಾಗೆ ನಾದೋಕೆ ಶುರು ಮಾಡ್ತೀಯ. ಕೈ ತೆಗಿಯಮ್ಮ ನೀನು."

ಹೊರಗೆ ಡಿಸೆಂಬರ್. ಕೋಲಾರದ ಈ ಬಯಲು ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಮೇಲಿದೆ. ಬೆಳಗಿನ ಹೊತ್ತು ಬಕೆಟ್ಟಿನ ನೀರು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಟಾರ್ಟಿನ ಹಿಟ್ಟಿಗೆ ಬೇಕಾದದ್ದು ಇದೇ ಹವೆ. ಇದೇ ಅಡುಗೆಮನೆಯಲ್ಲಿ ಮೇ ತಿಂಗಳಲ್ಲಿ ಕಲಸಿದರೆ ಹಿಟ್ಟು ಜಿಡ್ಡುಗಟ್ಟಿ ಕೈಗೆ ಮೆತ್ತಿಕೊಳ್ಳುತ್ತದೆ, ಲಟ್ಟಿಸಲು ಹೋದರೆ ಮಣೆ ಬಿಟ್ಟು ಏಳುವುದಿಲ್ಲ. ಕಿಟಕಿ ಮಾತ್ರ ಮುಚ್ಚಿದೆ. ಆ ದಿಕ್ಕಿಗೆ ಸೈನೈಡ್ ಗುಡ್ಡಗಳ ಬೂದು ಬೆನ್ನು ಕಾಣುತ್ತದೆ. ನೆಲದಾಳದಿಂದ ತಂದ ಕಲ್ಲನ್ನು ಹಿಟ್ಟುಹಿಟ್ಟಾಗಿ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಬಿಡಿಸಿಕೊಂಡು, ಮಿಕ್ಕಿದ್ದನ್ನು ನೂರು ವರ್ಷ ಒಟ್ಟುತ್ತಾ ಹೋದ ದಿಬ್ಬಗಳು ಅವು. ಸಿನಿಮಾದವರಿಗೆ ಅದೊಂದು ಸೊಗಸಾದ ಮರುಭೂಮಿ. ಇಲ್ಲಿನವರಿಗೆ ಗಾಳಿ ಎದ್ದ ದಿನ ಒಲೆಯ ಮೇಲಿನ ಪಾತ್ರೆಗೆ ಮುಚ್ಚಳ ಹುಡುಕಿಸುವ ಧೂಳು.

ಈ ಚಿನ್ನದ ಗಣಿಯೂರು ಕೆ.ಜಿ.ಎಫ್. ಎಂದರೆ 'ಲಿಟಲ್ ಇಂಗ್ಲೆಂಡ್' ಎಂದು ಬರೆಯುವವರು ಇಲ್ಲಿನ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನಗಳ ಜೊತೆಗೆ ಕ್ರಿಸ್‌ಮಸ್ ಕೇಕನ್ನೂ ಒಂದು ಸಾಲಲ್ಲಿ ಸೇರಿಸಿಬಿಡುತ್ತಾರೆ. ದೊರೆಗಳು ಬಂದರು, ಬೇಯಿಸಿದರು, ಕಲಿಸಿದರು, ಹೋದರು ಎಂಬಂತೆ. ಈ ಬೇಸಿನ್ನಿನ ಮುಂದೆ ನಿಂತು ನೋಡಿದರೆ ಆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಹಿಟ್ಟಿಗೆ ಜಿಡ್ಡು ಹಿಡಿಸುವ ಹದ, ತೆಳ್ಳಗೆ ಲಟ್ಟಿಸುವ ಕೈ, ಒಳಗೆ ಹೂರಣ ತುಂಬಿ ಅಂಚು ಒತ್ತುವ ಬೆರಳು, ಒಣಹಣ್ಣಿಗೂ ಬೆಲ್ಲಕ್ಕೂ ಏಲಕ್ಕಿ ಬೆರೆಸುವ ಬುದ್ಧಿ ಇವೆಲ್ಲ ಈ ಸೀಮೆಯ ಅಡುಗೆಮನೆಗಳಲ್ಲಿ ಮೊದಲೇ ಇದ್ದವು. ಕನ್ನಡದವರ ಮನೆಯಲ್ಲಿ ಕರ್ಜಿಕಾಯಿ, ತೆಲುಗಿನವರಲ್ಲಿ ಕಜ್ಜಿಕಾಯ, ತಮಿಳು ಮಾತಾಡುವ ಆಂಟಿಯ ಮನೆಯಲ್ಲಿ ಸೋಮಾಸ್. ಇಲ್ಲದಿದ್ದದ್ದು ಓವನ್ ಒಂದೇ. ನಮ್ಮದು ಎಣ್ಣೆಯಲ್ಲಿ ಕರಿಯುವ, ಹೆಂಚಿನ ಮೇಲೆ ಬೇಯಿಸುವ, ಹಬೆಯಲ್ಲಿ ಇಡುವ ಅಡುಗೆ. ನಾಲ್ಕೂ ಕಡೆಯಿಂದ ಒಣ ಬಿಸಿ ಕೊಟ್ಟು ಬೇಯಿಸುವ ಪೆಟ್ಟಿಗೆ ಮನೆಯೊಳಗೆ ಬಂದದ್ದು ಬಹಳ ತಡವಾಗಿ. ಈ ಊರಿನ ಟಾರ್ಟಿನ ಕಥೆ ಹೆಚ್ಚು ಪಾಲು ಆ ಬಿಸಿಯನ್ನು ಎಲ್ಲಿಂದ ಹೊಂದಿಸಿಕೊಂಡರು ಎಂಬುದರ ಕಥೆ.

ಆಂಟಿ ಒಂದು ಮೊಟ್ಟೆಯ ಹಳದಿಯನ್ನೂ ಮೂರು ಚಮಚ ಐಸ್ ನೀರನ್ನೂ ಚಿಮುಕಿಸಿ, ಬೆರಳು ಅಗಲಿಸಿ ಹಿಟ್ಟನ್ನು ಕೂಡಿಸುತ್ತಾರೆ. ನಾದುವುದಿಲ್ಲ. ಅಕ್ಕನ ಕೈಗೆ ಇದೇ ಕಷ್ಟ. ಒಬ್ಬಟ್ಟಿನ ಕಣಕವನ್ನು ಎಷ್ಟು ನಾದಿದರೆ ಅಷ್ಟು ಒಳ್ಳೆಯದು. ಎಣ್ಣೆ ಬಿಟ್ಟುಕೊಂಡು ನಾದಿ ನಾದಿ, ಎಳೆದರೆ ಹರಿಯದ ಹಾಗೆ ಮಾಡಬೇಕು. ಗೋಧಿಯ ಗ್ಲುಟನ್ ನೀರು ಕುಡಿದು, ನಾದಿದಷ್ಟೂ ಬಲೆ ಹೆಣೆದುಕೊಳ್ಳುತ್ತದೆ. ಹೂರಣ ಹೊರಬರದಂತೆ ತಡೆಯುವುದು ಆ ಬಲೆಯೇ. ಟಾರ್ಟಿನಲ್ಲಿ ಆ ಬಲೆ ಹುಟ್ಟಲೇಬಾರದು. ಬೆಣ್ಣೆ ಮೊದಲು ಹೋಗಿ ಹಿಟ್ಟಿನ ಕಣಕಣಕ್ಕೂ ಕೋಟು ಹಾಕಿಬಿಟ್ಟರೆ ನೀರಿಗೆ ಒಳಹೋಗಲು ದಾರಿ ಸಿಗುವುದಿಲ್ಲ. ಬಾಯಿಗಿಟ್ಟರೆ ಪುಡಿಯಾಗುವ ಗುಣ ಬರುವುದು ಹೀಗೆ. ಕರ್ಜಿಕಾಯಿಗೆ ಕಾಯಿಸಿದ ತುಪ್ಪ ಹಾಕಿ ಮುಷ್ಟಿ ಕಟ್ಟಿ ನೋಡುವುದೂ ಇದಕ್ಕೇ. ಚಿರೋಟಿಯಲ್ಲಿ ತುಪ್ಪ, ಅಕ್ಕಿಹಿಟ್ಟಿನ ಸಾಟಿ ಹಚ್ಚಿ ಪದರ ಬಿಡಿಸುವುದೂ ಇದೇ ಜಾತಿಯ ವಿದ್ಯೆ. ಬೆಂಗಳೂರಿನ ಗಾಂಧಿನಗರದ ಹೋಟೆಲಿನ ಚಿರೋಟಿಗೆ ಹಾಲು ಸುರಿದುಕೊಂಡು ತಿಂದವರು ಫ್ರೆಂಚ್ ಪೇಸ್ಟ್ರಿಯ ಪದರಗಳನ್ನು ಕಂಡು ಬೆರಗಾಗಬೇಕಿಲ್ಲ.

ಉಂಡೆ ಕಟ್ಟಿದ ಹಿಟ್ಟು ಒದ್ದೆ ಬಟ್ಟೆ ಹೊದ್ದು ಫ್ರಿಜ್ಜಿನೊಳಗೆ ಹೋಯಿತು. ಅದಕ್ಕೆ ಅರ್ಧ ಗಂಟೆಯ ವಿಶ್ರಾಂತಿ.

ಅಷ್ಟರಲ್ಲಿ ಮೊಮ್ಮಗ ಜಾಡಿ ಹೊತ್ತು ತಂದ. ಮುಚ್ಚಳ ತೆಗೆದದ್ದೇ ತಡ, ಲವಂಗ, ಕಿತ್ತಳೆ ಸಿಪ್ಪೆ, ಹುಳಿಮಿಶ್ರಿತ ದ್ರಾಕ್ಷಾರಸದ ವಾಸನೆ ಅಡುಗೆಮನೆಯ ಮೂಲೆಮೂಲೆಗೆ ಹೋಯಿತು. ನವೆಂಬರಿನಿಂದ ನೆನೆದ ಹಣ್ಣು ಇದು. ರಮ್ಮಿನಲ್ಲಿ ನೆನೆಸುವ ಮನೆಗಳೂ ಇವೆ. ಆಂಟಿಯದು ಮನೆಯ ವೈನು. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ತೋಟಗಳಲ್ಲಿ ಬೆಳೆಯುವ ಬೆಂಗಳೂರು ಬ್ಲೂ ದ್ರಾಕ್ಷಿ, ಅದೇ ದಪ್ಪ ಸಿಪ್ಪೆಯ, ಬೀಜದ, ನಾಲಿಗೆ ನೀಲಿ ಮಾಡುವ ದ್ರಾಕ್ಷಿ. ಅದನ್ನು ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ ಲವಂಗದ ಜೊತೆ ಪಿಂಗಾಣಿ ಜಾಡಿಯಲ್ಲಿ ಹುಳಿಯಿಸಿ ಸೋಸಿದ್ದು. ತಿನ್ನಲು ಆ ದ್ರಾಕ್ಷಿ ಅಷ್ಟಕ್ಕಷ್ಟೆ, ಘಮಕ್ಕೆ ಮಾತ್ರ ಅದನ್ನು ಮೀರಿಸುವುದು ನಮ್ಮ ಸಂತೆಗಳಲ್ಲಿ ಇನ್ನೊಂದಿಲ್ಲ.

ಜಾಡಿಯೊಳಗೆ ಏನೇನಿದೆ ಎಂದು ಆಂಟಿ ಸೌಟಿನಲ್ಲಿ ಎತ್ತಿ ತೋರಿಸುತ್ತಾರೆ. ಖರ್ಜೂರ, ಅಂಜೂರ, ಜರದಾಳು, ಕರಿ ದ್ರಾಕ್ಷಿ, ಹೊಂಬಣ್ಣದ ದ್ರಾಕ್ಷಿ. ಒಣದ್ರಾಕ್ಷಿ ವಿಜಯಪುರದ ಕಡೆಯದು. ಅಲ್ಲಿ ಬೀಜವಿಲ್ಲದ ದ್ರಾಕ್ಷಿಗೊಂಚಲನ್ನು ಪೊಟ್ಯಾಶಿಯಂ ಕಾರ್ಬೊನೇಟು, ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಲ್ಲಿ ಅದ್ದಿ ತೆಗೆಯುತ್ತಾರೆ. ಸಿಪ್ಪೆಯ ಮೇಣ ಸಡಿಲವಾಗಿ ಒಳಗಿನ ನೀರು ಹೊರಡಲು ದಾರಿಯಾಗುತ್ತದೆ. ಆಮೇಲೆ ಶೆಡ್ಡಿನ ನೆರಳಲ್ಲಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಎರಡು ವಾರದ ಹತ್ತಿರ ಒಣಗುತ್ತದೆ. ಬಣ್ಣ ಉಳಿಯಲೆಂದು ಗಂಧಕದ ಹೊಗೆ ಕೊಡುವುದೂ ಉಂಟು. ಹೊಳೆಯುವ ಕಿತ್ತಳೆ ಬಣ್ಣದ ಜರದಾಳಿನ ಗುಟ್ಟೂ ಗಂಧಕವೇ, ಅದಿಲ್ಲದೆ ಒಣಗಿದ್ದು ಕಂದಾಗಿರುತ್ತದೆ. ನೋಡಲು ಚೆನ್ನಾಗಿಲ್ಲದ ಆ ಕಂದು ಜರದಾಳೇ ರುಚಿಗೆ ಮೇಲು ಎಂದು ನನ್ನ ಎಣಿಕೆ. ಯಾವುದಾದರೂ ಸರಿ, ಉಗುರುಬೆಚ್ಚಗಿನ ನೀರಲ್ಲಿ ಒಮ್ಮೆ ತೊಳೆದು ಬಟ್ಟೆಯ ಮೇಲೆ ಆರಿಸಿಯೇ ನೆನೆಹಾಕಬೇಕು.

"ಟೂಟಿ ಫ್ರೂಟಿ ಹಾಕಲ್ವಾ ಪಾಟೀ?" ಎಂದ ಮೊಮ್ಮಗ.

"ಅದು ಪರಂಗಿಕಾಯಿ ಕಣೋ. ಸಕ್ಕರೆ ಪಾಕದಲ್ಲಿ ಅದ್ದಿ ಬಣ್ಣ ಹಾಕಿದ್ದು. ಬೇಕರಿ ಬನ್ನಿಗೆ ಸರಿ, ಇದಕ್ಕೆ ಬೇಡ."

ಈ ವಿಷಯದಲ್ಲಿ ನಾನು ಪೂರ್ತಿ ಆಂಟಿಯ ಪಕ್ಷ. ಅಯ್ಯಂಗಾರ್ ಬೇಕರಿಯ ದಿಲ್‌ಪಸಂದಿನಲ್ಲಿ ಸಿಹಿ ಕೊಬ್ಬರಿಯ ನಡುವೆ ಅಲ್ಲಲ್ಲಿ ಹಲ್ಲಿಗೆ ಸಿಗುವ ಕೆಂಪು ಹಸಿರು ತುಣುಕಿಗೆ ಅದರದ್ದೇ ಮರ್ಯಾದೆ ಇದೆ. ನಮ್ಮ ಕರ್ನಾಟಕದ ಬೀದಿಬೀದಿಯಲ್ಲಿ ಸಿಗುವ ಟಾರ್ಟು ಎಂದರೆ ನಿಜಕ್ಕೂ ಅದೇ ದಿಲ್‌ಪಸಂದು. ಮೇಲೊಂದು ಹಿಟ್ಟಿನ ತಟ್ಟೆ, ಕೆಳಗೊಂದು, ನಡುವೆ ಹೂರಣ, ಮೂಲೆ ಮೂಲೆಯಾಗಿ ಕತ್ತರಿಸಿ ಕಾಗದದ ಮೇಲೆ ಕೊಡುವುದು. ಆದರೆ ವಾರಗಟ್ಟಲೆ ವೈನು ಕುಡಿದ ಅಂಜೂರದ ಪಕ್ಕ ಟೂಟಿ ಫ್ರೂಟಿ ಬರೀ ಸಕ್ಕರೆಯಾಗಿ ಸಪ್ಪೆ ಹೊಡೆಯುತ್ತದೆ.

ಬೀಜಗಳು ಬೇರೆ ತಟ್ಟೆಯಲ್ಲಿವೆ. ಬಾದಾಮಿ, ಅಕ್ರೋಟು, ಗೋಡಂಬಿ. ಗೋಡಂಬಿ ಇಡಿಯದಲ್ಲ, ಚೂರು. ಹೇಗೂ ಕತ್ತರಿಸಿ ಹಾಕುವುದಕ್ಕೆ ಇಡೀ ಗೋಡಂಬಿಯ ದುಡ್ಡು ಯಾಕೆ ಕೊಡಬೇಕು? ಕರಾವಳಿಯ ಬೆಳೆ ಎಂದೇ ಎಲ್ಲರೂ ತಿಳಿದಿರುವ ಗೋಡಂಬಿ ಈ ಬರದ ಬಯಲಿನಲ್ಲೂ ಬೆಳೆಯುತ್ತದೆ. ಹತ್ತಿರದ ಚಿಂತಾಮಣಿಯ ಹೆಸರಲ್ಲೇ ಒಂದು ತಳಿ ಇದೆ, ಚಿಂತಾಮಣಿ-1. ಉಳಿದದ್ದನ್ನು ಮಗ ಬೆಂಗಳೂರಿನಿಂದ ತರುತ್ತಾನೆ. ಬೆಳಗ್ಗೆ ಕತ್ತಲಲ್ಲೇ ಕೋರಮಂಡಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಬಂಗಾರಪೇಟೆ, ಮಾಲೂರು, ವೈಟ್‌ಫೀಲ್ಡ್ ದಾಟಿ ಹೋಗಿ, ರಾತ್ರಿ ಅದೇ ದಾರಿಯಲ್ಲಿ ವಾಪಸಾಗುವ ಸಾವಿರಾರು ಜನರಲ್ಲಿ ಅವನೂ ಒಬ್ಬ. 2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ಈ ಊರಿನ ಎಷ್ಟೋ ಮನೆಗಳ ಸಂಬಳ ಬರುವುದು ಆ ರೈಲಿನಲ್ಲೇ. ಕಂಟೋನ್ಮೆಂಟಿನಲ್ಲಿ ಇಳಿದರೆ ಶಿವಾಜಿನಗರದ ರಸೆಲ್ ಮಾರ್ಕೆಟ್ಟು ದೂರವಿಲ್ಲ. ಅಲ್ಲಿನ ಡ್ರೈ ಫ್ರೂಟ್ಸ್ ಅಂಗಡಿಯ ಪೊಟ್ಟಣ, ಟಿಫನ್ ಕ್ಯಾರಿಯರ್ ಜೊತೆ ಬ್ಯಾಗಿನಲ್ಲಿ ಕೂತು, ಬಂಗಾರಪೇಟೆಯ ಪ್ಲಾಟ್‌ಫಾರಂ ದಾಟಿ ಮನೆ ಸೇರುತ್ತದೆ. ಮಧ್ಯೆ ಬಂಗಾರಪೇಟೆಯಲ್ಲಿ ಇಳಿದು ಪಾನಿಪುರಿ ತಿಂದು ಮುಂದಿನ ರೈಲಿಗೆ ಬಂದ ದಿನಗಳೂ ಇವೆ. ಅಲ್ಲಿನ ಪಾನಿ ಹಸಿರಲ್ಲ, ತಿಳಿನೀರಿನ ಹಾಗೆ ಕಾಣುತ್ತದೆ, ಖಾರ ಮಾತ್ರ ಕಿವಿಗೆ ಹತ್ತುತ್ತದೆ. ಅಂಥ ದಿನ ಅಕ್ರೋಟಿನ ಪೊಟ್ಟಣ ಒಂದಿಷ್ಟು ತಡವಾಗಿ ಬರುತ್ತದೆ, ಅಷ್ಟೆ.

ಬೀಜಗಳನ್ನು ಆಂಟಿ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರು. ಎಣ್ಣೆ ಇಲ್ಲ, ತುಪ್ಪ ಇಲ್ಲ. ಹಸಿ ಬೀಜವನ್ನು ಹೂರಣದೊಳಗೆ ಹಾಕಿದರೆ ಅದು ಅಲ್ಲಿ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಮೊದಲೇ ತೇವ ಓಡಿಸಿ ಘಮ ಬರಿಸಿಕೊಂಡಿದ್ದರೆ ಬೆಲ್ಲದ ನಡುವೆಯೂ ಗರಿಗರಿ ಉಳಿಯುತ್ತದೆ.

ಟಾರ್ಟಿನ ಟಿನ್ನು ಕಪಾಟಿನ ಮೇಲಿನಿಂದ ಇಳಿಯಿತು. ಒಂಬತ್ತು ಇಂಚಿನದು, ಅಂಚಿಗೆಲ್ಲ ನೆರಿಗೆ. ತಳದಲ್ಲಿ ಕರಿಕಲೆ ಹತ್ತಿದೆ. ಒಂದು ಕಡೆ ಬಿದ್ದು ನೆಗ್ಗಿ, ಅಲ್ಲಿ ಎರಡು ನೆರಿಗೆ ಒಂದಾಗಿವೆ. ಆಂಟಿಯ ತಾಯಿ ಗಣಿ ಅಧಿಕಾರಿಯೊಬ್ಬರ ಬಂಗಲೆಯಲ್ಲಿ ಅಡುಗೆಗೆ ಇದ್ದವರು. ದೊರೆಸಾನಿ ಊರಿಗೆ ಹೊರಟು ನಿಂತಾಗ ಹಂಚಿದ ಸಾಮಾನಿನಲ್ಲಿ ಈ ಟಿನ್ನೂ ಒಂದು.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಬಂದಾಗ ಆಳದ ಗಣಿಯ ಕೆಲಸ ಬಲ್ಲವರೆಂದು ಕರೆತಂದದ್ದು ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಸೀಮೆಯವರನ್ನು. ಆ ಕಾಲಕ್ಕೆ ಅಲ್ಲಿನ ತಾಮ್ರ, ತವರದ ಗಣಿಗಳು ಸೊರಗಿ, ಗಣಿ ಕುಟುಂಬಗಳು ಕೆಲಸ ಹುಡುಕಿಕೊಂಡು ದೇಶದೇಶಕ್ಕೆ ಚೆದುರುತ್ತಿದ್ದವು. ಆ ಗಣಿಗರ ಬುತ್ತಿ ಎಂದರೆ ಪೇಸ್ಟಿ. ಅರ್ಧಚಂದ್ರದ ಹಿಟ್ಟಿನ ಹೊದಿಕೆ, ಒಳಗೆ ಮಾಂಸ, ಆಲೂಗಡ್ಡೆ, ಬಾಗಿದ ಅಂಚಿಗೆ ಹಗ್ಗ ಹೊಸೆದಂಥ ಮಡಿಕೆ. ಕರ್ಜಿಕಾಯಿಯ ಅಂಚನ್ನು ಅಚ್ಚಿಲ್ಲದೆ ಬೆರಳಲ್ಲೇ ಮಡಿಸುವ ನಮ್ಮ ಅಜ್ಜಿಯರು ಅದನ್ನು ಕಂಡಿದ್ದರೆ ಮಡಿಕೆಯ ಬಗ್ಗೆ ತಕರಾರು ತೆಗೆಯುತ್ತಿರಲಿಲ್ಲ, ಒಳಗಿರುವುದರ ಬಗ್ಗೆ ತೆಗೆಯುತ್ತಿದ್ದರೇನೋ. ಇನ್ನು ಕ್ರಿಸ್‌ಮಸ್ಸಿಗೆ ಇಂಗ್ಲಿಷರ ಮನೆಗಳಲ್ಲಿ ಮಿನ್ಸ್ ಪೈ. ಅದರಲ್ಲಿ ಹಿಂದೆ ಒಣಹಣ್ಣು, ಸಾಂಬಾರದ ಜೊತೆ ನಿಜವಾಗಿಯೂ ಕೊಚ್ಚಿದ ಮಾಂಸ ಇರುತ್ತಿತ್ತು. ಬರಬರುತ್ತ ಮಾಂಸ ಬಿಟ್ಟುಹೋಗಿ ಪ್ರಾಣಿಯ ಕೊಬ್ಬೊಂದು ಉಳಿಯಿತು. ಕೋರಮಂಡಲಿನ ಈ ಅಡುಗೆಮನೆಗೆ ಬರುವ ಹೊತ್ತಿಗೆ ಆ ಕೊಬ್ಬೂ ಹೋಗಿ ಬೆಣ್ಣೆ ಬಂದಿದೆ, ಕಂದು ಸಕ್ಕರೆ ಹೋಗಿ ಮಂಡ್ಯದ ಬೆಲ್ಲ ಬಂದಿದೆ. ಮೇಲಿನ ಮುಚ್ಚಳವನ್ನೂ ಕೈಬಿಟ್ಟಿದ್ದಾರೆ. ಬೀಜಗಳು ಕಾಣುವಂತಿರಲಿ ಎಂದು.

ಹಿಟ್ಟು ಲಟ್ಟಿಸುವ ಕೆಲಸವನ್ನು ಆಂಟಿ ಅಕ್ಕನಿಗೇ ಬಿಟ್ಟರು. ಅದರಲ್ಲಿ ಅಕ್ಕನನ್ನು ಮೀರಿಸುವವರಿಲ್ಲ. ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಉಂಡೆ ಇಟ್ಟು, ಮಧ್ಯದಿಂದ ಹೊರಕ್ಕೆ ಲಟ್ಟಣಿಗೆ ತಳ್ಳುತ್ತ, ಪ್ರತಿ ತಳ್ಳಿಗೂ ಹಾಳೆಯನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ, ಒಂದೇ ದಪ್ಪಕ್ಕೆ ತಂದರು. ಒಬ್ಬಟ್ಟನ್ನು ಹಾಳೆಯಿಂದ ಹೆಂಚಿಗೆ ಬಗ್ಗಿಸುವ ಅದೇ ಕೈಚಳಕದಲ್ಲಿ ಟಿನ್ನಿಗೆ ಬಗ್ಗಿಸಿದರು. ಮೂಲೆಗೆ ಎಳೆದು ಹಿಗ್ಗಿಸದೆ, ಸಡಿಲ ಬಿಟ್ಟು ಒಳಗೆ ಕೂರಿಸಿ, ನೆರಿಗೆ ನೆರಿಗೆಗೂ ತೋರುಬೆರಳು ಒತ್ತುತ್ತ ಬಂದರು. ನೆಗ್ಗಿದ ಜಾಗದಲ್ಲಿ ಒಂದು ಚೂರು ಹಿಟ್ಟು ಹೆಚ್ಚಿಗೆ ಮೆತ್ತಿದರು. ಫೋರ್ಕಿನಿಂದ ತಳಕ್ಕೆಲ್ಲ ಚುಚ್ಚಿದ್ದಾಯಿತು.

ಇನ್ನು ಕಾಳಿನ ಡಬ್ಬ. ಹೂರಣವಿಲ್ಲದೆ ಬರೀ ಹಿಟ್ಟನ್ನು ಮೊದಲು ಬೇಯಿಸಬೇಕು, ಇಲ್ಲವಾದರೆ ಹಣ್ಣಿನ ತೇವಕ್ಕೆ ತಳ ಹಸಿಯಾಗಿಯೇ ಉಳಿಯುತ್ತದೆ. ಬರೀ ಹಿಟ್ಟು ಬೇಯುವಾಗ ತಳ ಉಬ್ಬುತ್ತದೆ, ಪಕ್ಕ ಕುಸಿಯುತ್ತದೆ. ಅದಕ್ಕೆ ಬೆಣ್ಣೆ ಕಾಗದ ಹಾಸಿ ಮೇಲೆ ಭಾರ ಹೇರುವುದು. ದೊರೆಸಾನಿ ಯಾವುದೋ ಕಾಳು ಬಳಸುತ್ತಿದ್ದಳಂತೆ. ಇಲ್ಲಿ ಒಣಗಿದ ಅವರೆಕಾಳು. ವರ್ಷವರ್ಷವೂ ಓವನ್ನಿನ ಬಿಸಿ ತಿಂದು ಕಂದಾಗಿ, ಕಲ್ಲಿನಷ್ಟು ಗಟ್ಟಿಯಾಗಿ, ಇನ್ನು ಯಾವ ಸಾರಿಗೂ ಬೇಯದ ಕಾಳು. ಡಬ್ಬದ ಮೇಲೆ 'ಟಾರ್ಟ್ ಅವರೆ' ಎಂದು ಪೆನ್ನಿನಲ್ಲಿ ಬರೆದಿದೆ. ತಿಳಿಯದೆ ಯಾರಾದರೂ ನೆನೆಹಾಕಿಬಿಟ್ಟಾರು ಎಂದು. ಅದೇ ಹೊತ್ತಿಗೆ ಅಡುಗೆಮನೆಯ ಹೊಸಿಲಲ್ಲಿ ಮೊರದ ತುಂಬ ಹಸಿ ಅವರೆ. ಸೊಗಡಿನ ಕಾಲ. ಅಕ್ಕ ಲಟ್ಟಣಿಗೆ ತೊಳೆದಿಟ್ಟು ಅಲ್ಲಿ ಕೂತು ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಚಿಮ್ಮಿಸಿ ಹಿತಕತೊಡಗಿದರು. ಸಂಜೆಯ ಸಾರಿಗೆ. ಹಬ್ಬದ ಮನೆಯಾದರೇನು, ಡಿಸೆಂಬರಿನಲ್ಲಿ ಕೋಲಾರ ಸೀಮೆಯವರು ಹಿತಕಿದ ಅವರೆಯನ್ನು ಬಿಡುತ್ತಾರೆಯೆ?

ಕಟ್ಟೆಯ ತುದಿಯಲ್ಲಿರುವ ಓವನ್ನು ಗುಂಡಗಿನದು, ಅಲ್ಯುಮಿನಿಯಂದು, ಮುಚ್ಚಳದ ನಡುವೆ ಗಾಜಿನ ಕಣ್ಣು. ಅದರಲ್ಲಿ ಡಿಗ್ರಿ ತೋರಿಸುವ ಮುಳ್ಳಿಲ್ಲ. 180 ಡಿಗ್ರಿ ಇರಬೇಕಾದ ಕಡೆ ಆಂಟಿ ಒಂದು ಚೂರು ಬಿಳಿ ಕಾಗದ ಒಳಗಿಟ್ಟು, ಅದು ಎಷ್ಟು ಹೊತ್ತಿಗೆ ಬಿಸ್ಕತ್ತಿನ ಬಣ್ಣಕ್ಕೆ ತಿರುಗುತ್ತದೆಂದು ನೋಡುತ್ತಾರೆ. ಕಲಿತದ್ದು ಬೇಕರಿಯವರಿಂದ.

ಮನೆಯಲ್ಲಿ ಓವನ್ ಇಲ್ಲದ ಕಾಲದಲ್ಲಿ ಟಿನ್ನುಗಳು ಬೇಕರಿಗೆ ಹೋಗುತ್ತಿದ್ದವು. ಕ್ರಿಸ್‌ಮಸ್ಸಿನ ಹಿಂದಿನ ವಾರ ರಾಬರ್ಟ್‌ಸನ್‌ಪೇಟೆಯ ಬೇಕರಿ ಮುಂದೆ ತಲೆಯ ಮೇಲೆ, ಸೈಕಲ್ ಕ್ಯಾರಿಯರಿನ ಮೇಲೆ ಟಿನ್ನು ಹೊತ್ತವರ ಸಾಲು ಇರುತ್ತಿತ್ತಂತೆ. ಸೌದೆ ಒಲೆಯ ಇಟ್ಟಿಗೆ ಗೂಡು. ಬೆಂಕಿ ಹಾಕಿ, ಗೂಡು ಕಾದ ಮೇಲೆ ಕೆಂಡ ಎಳೆದುಬಿಟ್ಟು, ಇಟ್ಟಿಗೆ ಹಿಡಿದಿಟ್ಟ ಬಿಸಿಯಲ್ಲೇ ಬೇಯಿಸುವುದು. ಏರಿದ ಬಿಸಿಗೆ ಮೊದಲು ಬ್ರೆಡ್ಡು, ಆಮೇಲೆ ಬನ್ನು, ಬಿಸಿ ಇಳಿಯುತ್ತ ಬಂದ ಹಾಗೆ ಬಿಸ್ಕತ್ತು. ಊರಿನವರ ಕೇಕು, ಟಾರ್ಟುಗಳಿಗೆ ಜಾಗ ಸಿಗುವುದು ಕೊನೆಯಲ್ಲಿ, ಅರ್ಧರಾತ್ರಿ ಕಳೆದ ಮೇಲೆ. ಉದ್ದ ಹಿಡಿಯ ಹಲಗೆಯಲ್ಲಿ ಒಳಗೆ ತಳ್ಳುತ್ತಿದ್ದ ಹತ್ತಾರು ಮನೆಗಳ ಟಿನ್ನು ಅದಲುಬದಲಾಗದಿರಲೆಂದು ಹಿಟ್ಟಿನ ಅಂಚಿಗೆ ಗುರುತು. ಒಂದು ಮನೆಯದು ಫೋರ್ಕಿನ ಗೀರು, ಇನ್ನೊಂದರದು ಚಮಚದ ತುದಿಯ ಅರ್ಧಚಂದ್ರ. ಆಂಟಿಯ ತಾಯಿಯದು ಕರ್ಜಿಕಾಯಿ ಕತ್ತರಿಸುವ ಹಲ್ಲುಚಕ್ರದ ಅಂಚು. ಅಂಥ ಅಂಚು ಸಾಲಿನಲ್ಲೆಲ್ಲ ಅದೊಂದೇ.

"ಬೇಕರಿಯವನು ಬೇಯಿಸೋಕೆ ಎಷ್ಟು ತಗೊಳ್ತಿದ್ದ?"

"ಟಿನ್ನಿಗೆ ಇಷ್ಟು ಅಂತ ಕಾಸು. ಜೊತೆಗೆ ಒಂದು ಮೂಲೆ ತುಂಡು. ಕಾಸು ಬಿಟ್ರೂ ತುಂಡು ಬಿಡ್ತಿರ್ಲಿಲ್ಲ ಅಂತಿದ್ರು ನಮ್ಮಮ್ಮ."

ಬೇಕರಿಗೆ ಹೋಗಲಾಗದ ಮನೆಗಳಲ್ಲಿ ಬೇರೆ ಉಪಾಯ. ದಪ್ಪ ತಳದ ಪಾತ್ರೆಯಲ್ಲಿ ಮರಳು ಹಾಸಿ, ಟಿನ್ನು ಇಟ್ಟು, ಮುಚ್ಚಿದ ತಟ್ಟೆಯ ಮೇಲೂ ಕೆಂಡ ಹರಡುವುದು. ಕೆಳಗಿನ ಉರಿ ಸಣ್ಣದು, ಮೇಲಿನ ಕೆಂಡ ಹೆಚ್ಚು. ಇಲ್ಲವಾದರೆ ತಳ ಸೀದು ಮೇಲು ಬೆಳ್ಳಗುಳಿಯುತ್ತದೆ. ಇದೂ ಹೊಸ ವಿದ್ಯೆಯೇನಲ್ಲ. ಬಿರಿಯಾನಿಗೆ ದಮ್ ಕೊಡುವವರು ಮಾಡುವುದೂ ಇದನ್ನೇ.

ಕರೆಂಟ್ ಓವನ್ನು ಇಷ್ಟು ತಡವಾಗಿ ಬಂದದ್ದು ಈ ಊರಿನ ಮಟ್ಟಿಗೆ ಸೋಜಿಗ. 1902ರ ಜೂನ್ 30ರಂದೇ ಶಿವನಸಮುದ್ರದ ಕಾವೇರಿಯ ವಿದ್ಯುತ್ತು ಸುಮಾರು 148 ಕಿ.ಮೀ. ತಂತಿಯ ಮೇಲೆ ಬಂದು ಇಲ್ಲಿನ ಗಣಿಗಳನ್ನು ಮುಟ್ಟಿತ್ತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ. ಆದರೆ ಆ ವಿದ್ಯುತ್ತನ್ನು ತಂದದ್ದು ನೀರೆತ್ತುವ ಪಂಪಿಗೆ, ಕಲ್ಲು ಕುಟ್ಟುವ ಗಿರಣಿಗೆ. ಕೂಲಿ ಲೈನಿನ ಅಡುಗೆಮನೆಗೆ ಅಲ್ಲ. ನೆಲದೊಳಗೆ ಮೂರು ಕಿಲೋಮೀಟರಿಗೂ ಆಳ ಇಳಿದು, ಬಂಡೆಯ ಕಾವಿನಲ್ಲಿ ಬೆವರಿ ಬರುತ್ತಿದ್ದವರ ಮನೆಯಲ್ಲಿ ಒಂದು ಟಾರ್ಟು ಬೇಯಿಸುವಷ್ಟು ಹದವಾದ ಬಿಸಿ ಇರಲಿಲ್ಲ. ಈ ಗುಂಡು ಓವನ್ನನ್ನು ಆಂಟಿಯ ಗಂಡ ಕೊಂಡದ್ದು ಗಣಿಯ ಬೋನಸ್ಸಿನಲ್ಲಿ. ಅವರು ಹೋದ ಮೇಲೂ, ಗಣಿ ಹೋದ ಮೇಲೂ ಅದರ ಕಾಯಿಲ್ ಒಮ್ಮೆ ಮಾತ್ರ ಬದಲಾಗಿದೆ.

ಹದಿನೈದು ನಿಮಿಷಕ್ಕೆ ಅವರೆಕಾಳು ಹೊರಬಂತು. ಬರಿಯ ಹಿಟ್ಟನ್ನು ಇನ್ನೈದು ನಿಮಿಷ ಬಿಟ್ಟದ್ದಾಯಿತು. ತಳ ಒಣಗಿ ತೆಳು ಹೊಂಬಣ್ಣಕ್ಕೆ ತಿರುಗಿದೆ. ಬಿಸಿ ಇರುವಾಗಲೇ ಆಂಟಿ ಮೊಟ್ಟೆಯ ಬಿಳಿಯನ್ನು ಬ್ರಷ್ಷಿನಲ್ಲಿ ಸವರಿ ಸಣ್ಣ ಬಿರುಕುಗಳನ್ನು ಮುಚ್ಚಿದರು. ಅದರ ಮೇಲೆ ಅಕ್ಕ ಎರಡು ಚಮಚ ಹುರಿಗಡಲೆ ಪುಡಿ ಉದುರಿಸಿದರು. ಈ ಮನೆಯ ಟಾರ್ಟಿಗೆ ಅಕ್ಕನಿಂದ ಸೇರಿದ ಉಪಾಯ ಇದು. ಕರ್ಜಿಕಾಯಿಯ ಹೂರಣ ಬೆವರದ ಹಾಗೆ ಹುರಿಗಡಲೆ ಪುಡಿ ಹಾಕುವುದು ಅವರ ತವರಿನ ರೂಢಿ. ಇಲ್ಲೂ ಅದು ಹಣ್ಣಿನಿಂದ ಇಳಿಯುವ ರಸ ಹೀರಿ ತಳವನ್ನು ಗರಿಯಾಗಿ ಉಳಿಸುತ್ತದೆ. ಮೊದಲ ಸಲ ಹಾಕಿದ ದಿನ ಆಂಟಿ ಮುಖ ಸಿಂಡರಿಸಿದ್ದರಂತೆ. ಈಗ ಅಂಗಡಿಯ ಚೀಟಿಯಲ್ಲಿ ಮೈದಾದ ಕೆಳಗೇ ಹುರಿಗಡಲೆ ಬರೆಯುತ್ತಾರೆ.

ಹೂರಣಕ್ಕೆ ಹೆಚ್ಚು ಹೊತ್ತು ಬೇಡ. 120 ಗ್ರಾಂ ಬೆಲ್ಲವನ್ನು ಒಂದು ಚೂರು ನೀರಲ್ಲಿ ಕರಗಿಸಿ, ಕಸ ಸೋಸಿ, 75 ಗ್ರಾಂ ಬೆಣ್ಣೆ ಸೇರಿಸಿ ಆರಲು ಬಿಡುವುದು. ಬಿಸಿ ಪಾಕಕ್ಕೆ ಮೊಟ್ಟೆ ಒಡೆದರೆ ಮೊಟ್ಟೆ ಬುರ್ಜಿಯಾಗುತ್ತದೆ. ಆರಿದ ಮೇಲೆ ಎರಡು ಮೊಟ್ಟೆ, ಏಲಕ್ಕಿ, ಜಾಯಿಕಾಯಿ, ಕಿತ್ತಳೆ ಸಿಪ್ಪೆಯ ತುರಿ. ಅದಕ್ಕೆ 200 ಗ್ರಾಂ ಸೋಸಿದ ಹಣ್ಣು, ಅಷ್ಟೇ ತೂಕದ ಹುರಿದ ಬೀಜ. ಮೊಟ್ಟೆ ತಿನ್ನದ ಮನೆಗಳಿಗೆ ಕೊಡುವ ಪುಟ್ಟ ಟಾರ್ಟುಗಳಲ್ಲಿ ಮೊಟ್ಟೆ, ವೈನು ಎರಡೂ ಇಲ್ಲ. ಅವುಗಳ ಹಿಟ್ಟಿಗೆ ತಣ್ಣನೆಯ ಹಾಲು, ಹೂರಣಕ್ಕೆ ಖರ್ಜೂರವನ್ನು ಕಿತ್ತಳೆ ರಸದಲ್ಲಿ ಬೇಯಿಸಿ ಅರೆದ ಹಿಂಡಿ. ಅವಕ್ಕೆ ತಟ್ಟೆಯೇ ಬೇರೆ, ಚಾಕುವೇ ಬೇರೆ. ಇದನ್ನು ಯಾರೂ ಕೇಳಿ ಮಾಡಿಸಿಕೊಂಡದ್ದಲ್ಲ. ಒಂದೇ ಸಾಲಿನ ಮನೆಗಳಲ್ಲಿ ಎರಡು ತಲೆಮಾರು ಬದುಕಿದವರಿಗೆ ಹೇಳಿಸಿಕೊಳ್ಳದೆ ತಿಳಿದಿರುವ ಸಂಗತಿ.

ತುಂಬಿದ ಟಾರ್ಟು ಒಳಗೆ ಹೋಗಿ ಹತ್ತು ನಿಮಿಷಕ್ಕೆ ಮೊದಲು ಬೆಣ್ಣೆಯ ವಾಸನೆ, ಆಮೇಲೆ ಹಣ್ಣಿನದು, ಕೊನೆಗೆ ಬೆಲ್ಲ ಕಂದಾಗುವ ಒಗರು ಮಿಶ್ರಿತ ಘಮ. ಗಾಜಿನ ಕಣ್ಣಿನ ಮೇಲೆ ಮೊಮ್ಮಗನ ಮೂಗು. ಅಂಚಿನ ಸುತ್ತ ಹೂರಣ ಗುಳ್ಳೆಯೇಳುತ್ತದೆ, ಗುಳ್ಳೆ ಅಂಚಿನಿಂದ ನಡುವಿನ ಕಡೆಗೆ ನಿಧಾನ ಸರಿಯುತ್ತದೆ. ಮೇಲೆದ್ದ ಬಾದಾಮಿಯ ತುದಿಗಳು ಕೆಂಪಾಗುತ್ತವೆ. ಬೆಲ್ಲ ಸಕ್ಕರೆಗಿಂತ ಬೇಗ ಕಪ್ಪಾಗುವುದರಿಂದ ಆಂಟಿ ಇಪ್ಪತ್ತು ನಿಮಿಷಕ್ಕೆ ಮೇಲೊಂದು ಫಾಯಿಲ್ ಹಾಕಿದರು. ಅರ್ಧ ಗಂಟೆಯಾಗುವ ಹೊತ್ತಿಗೆ ಟಿನ್ನು ಅಲ್ಲಾಡಿಸಿದರೆ ಸುತ್ತ ಗಟ್ಟಿ, ನಡುವೆ ಮಾತ್ರ ಒಂದಿಷ್ಟು ನಡುಕ. ಸ್ವಿಚ್ಚು ಆರಿಸಲು ಅದೇ ಗಳಿಗೆ. ಪೂರ್ತಿ ಗಟ್ಟಿಯಾಗಲೆಂದು ಕಾದರೆ ಆರಿದ ಮೇಲೆ ಹಲ್ಲಿಗೆ ಅಂಟುವ ಚಿಕ್ಕಿಯಾಗುತ್ತದೆ.

ತಳ ಬಿಚ್ಚಿಕೊಳ್ಳುವ ಟಿನ್ನು ಅಲ್ಲ ಇದು. ಬಿಸಿಯಲ್ಲಿ ಎತ್ತಲು ಹೋದರೆ ಮುರಿಯುತ್ತದೆ. ಪೂರ್ತಿ ಆರಬೇಕು. ಮಕ್ಕಳಿರುವ ಮನೆಯಲ್ಲಿ ಟಾರ್ಟಿನ ಅತಿ ಕಠಿಣ ಹಂತ ಇದೇ. ಅಳಿದುಳಿದ ಹಿಟ್ಟಿನ ತುಣುಕುಗಳನ್ನು ಲಟ್ಟಿಸಿ, ಸಕ್ಕರೆ ಉದುರಿಸಿ ಬೇಯಿಸಿದ ಪಟ್ಟಿಗಳನ್ನು ಕೊಟ್ಟು ಮೊಮ್ಮಗನನ್ನು ಸಂಜೆಯವರೆಗೆ ಸುಮ್ಮನಾಗಿಸಿದರು. ಕಲ್‌ಕಲ್ ಮಾಡಲು ಫೋರ್ಕಿನ ಬೆನ್ನಿನ ಮೇಲೆ ಹಿಟ್ಟು ಸುರುಳಿ ಸುತ್ತುವ ಕೆಲಸ ನಾಳೆಗಿದೆ, ಅದಕ್ಕೆ ಅವನ ಬೆರಳೂ ಬೇಕು.

ಸಂಜೆಯ ರೈಲು ಬರುವ ಹೊತ್ತಿಗೆ ಟಾರ್ಟು ಹೋಳಾಯಿತು. ತೆಳ್ಳಗೆ, ಹದಿನಾರು ಹೋಳು. ಬೆಲ್ಲ, ಬೆಣ್ಣೆ, ಬೀಜದ ಭಾರಕ್ಕೆ ಒಬ್ಬರಿಗೆ ಒಂದು ಹೋಳು ಸಾಕು. ಕತ್ತರಿಸಿದ ಬದಿಯಲ್ಲಿ ಅಕ್ರೋಟಿನ ಸುಕ್ಕು, ಅಂಜೂರದ ಸಾಸಿವೆಯಂಥ ಬೀಜ, ನಡುನಡುವೆ ಮಿಣುಕುವ ಹೊಂಬಣ್ಣದ ದ್ರಾಕ್ಷಿ. ತಳದ ಹಿಟ್ಟು ಚಾಕುವಿನ ಕೆಳಗೆ ಟಪ್ಪೆಂದು ಮುರಿಯಿತು. ಅಕ್ಕ ಆಂಟಿಯ ಮುಖ ನೋಡಿದರು.

"ಗರಿ ಇದೆ. ಆಯ್ತಮ್ಮ, ನಿನ್ನ ಹುರಿಗಡಲೇನೇ ಗೆಲ್ತು," ಎಂದರು ಆಂಟಿ.

ಕ್ರಿಸ್‌ಮಸ್ಸಿನ ಬೆಳಗ್ಗೆ ಚಾಂಪಿಯನ್ ರೀಫ್ಸಿನ ಅವರ್ ಲೇಡಿ ಆಫ್ ವಿಕ್ಟರೀಸ್ ಚರ್ಚಿನ ಪೂಜೆ ಮುಗಿದ ಮೇಲೆ ತಟ್ಟೆಗಳು ಮನೆಮನೆಗೆ ಹೊರಡುತ್ತವೆ. ಕಲ್‌ಕಲ್, ರೋಸ್ ಕುಕ್ಕೀಸ್, ಪ್ಲಮ್ ಕೇಕು, ಒಂದು ಹೋಳು ಟಾರ್ಟು, ಮೇಲೆ ಕಸೂತಿಯ ಬಟ್ಟೆ. ಹೋದ ತಟ್ಟೆ ತಕ್ಷಣ ತಿರುಗಿ ಬರುವುದಿಲ್ಲ. ಸಂಕ್ರಾಂತಿಗೆ ಬರುತ್ತದೆ, ಎಳ್ಳು ಬೆಲ್ಲ ತುಂಬಿಕೊಂಡು. ಎಳ್ಳು, ಕೊಬ್ಬರಿ, ಕಡಲೆಬೀಜ, ಹುರಿಗಡಲೆ, ಬೆಲ್ಲದ ಅಚ್ಚು ನಾಲ್ಕೈದು ಮನೆಗಳಿಂದ ಬಂದು ಡಬ್ಬದಲ್ಲಿ ಒಟ್ಟಾಗುತ್ತವೆ. ತಿಂದು ಮುಗಿಸುವಷ್ಟಲ್ಲ. ಅದು ಮೆತ್ತಗಾಗುವ ಮೊದಲು ಆಂಟಿ ಇನ್ನೊಮ್ಮೆ ಟಿನ್ನು ಇಳಿಸುತ್ತಾರೆ. ಅದೇ ಹಿಟ್ಟು, ಅದೇ ಅವರೆಕಾಳಿನ ಭಾರ. ಹೂರಣಕ್ಕೆ ಮಾತ್ರ ಒಣಹಣ್ಣಿನ ಬದಲು ಎಳ್ಳು ಬೆಲ್ಲ, ಬೀಳುವ ಬೆಲ್ಲ ಮೊದಲಿನ ಅರ್ಧದಷ್ಟು. ಹುರಿಗಡಲೆ ಹೇಗೂ ಒಳಗೇ ಇರುವುದರಿಂದ ತಳಕ್ಕೆ ಬೇರೆ ಉದುರಿಸುವುದಿಲ್ಲ. ಕೊಬ್ಬರಿ ಬಾದಾಮಿಗಿಂತ ಬೇಗ ಕೆಂಪಾಗುತ್ತದೆ, ಅದಕ್ಕೆ ಫಾಯಿಲ್ ಹತ್ತು ನಿಮಿಷಕ್ಕೇ ಬೀಳಬೇಕು, ಒಟ್ಟು ಹೊತ್ತಿನಲ್ಲೂ ಐದು ನಿಮಿಷ ಕಡಿಮೆ.